ದಪ್ಪ ರಬ್ಬರ್ ಹಾಕಿದರೆ ಡಂಪರ್ ಟೈರ್ ಜಾಸ್ತಿ ಬಾಳಿಕೆ ಬರುತ್ತದಾ?

ಕಲ್ಲು ಮಣ್ಣು ತುಂಬುವ ಲೋಡರ್, ಅದನ್ನು ಸಾಗಿಸುವ ಡಂಪರ್‌ಗಳ ಟೈರ್ ಬೇಗ ಹಾಳಾಗುತ್ತವೆ, ರಬ್ಬರನ್ನು ಇನ್ನೂ ದಪ್ಪ ಮಾಡಿದರೆ ಸಾಕಲ್ವಾ ಎಂದು ಕೇಳಿದ್ದೀರಿ. ನಾನು ಈ ದೊಡ್ಡ ಟೈರ್‌ಗಳ ವಿನ್ಯಾಸದಲ್ಲೇ ಕೆಲಸ ಮಾಡುವವನು. ಲೋಡರ್‌ಗಾದರೆ ನಿಮ್ಮ ಮಾತು ಬಹುಪಾಲು ಸರಿ. ಡಂಪರ್‌ಗೆ ಸರಿಯಲ್ಲ. ಕಾರಣ ಬಿಸಿ.

ಟೈರ್ ಉರುಳುವಾಗ ನೆಲಕ್ಕೆ ತಾಗುವ ಭಾಗ ಪ್ರತಿ ಸುತ್ತಿಗೂ ಅಮುಕಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಆಗ ರಬ್ಬರ್ ತಗೊಂಡ ಶಕ್ತಿಯನ್ನೆಲ್ಲ ವಾಪಸ್ ಕೊಡುವುದಿಲ್ಲ. ಸ್ವಲ್ಪ ಬಿಸಿಯಾಗಿ ಒಳಗೇ ಉಳಿಯುತ್ತದೆ. ರಬ್ಬರ್ ದಪ್ಪವಾದಷ್ಟೂ ಕಂಬಳಿ ಹೊದ್ದ ಹಾಗೆ, ಹುಟ್ಟುವ ಬಿಸಿ ಜಾಸ್ತಿ, ಹೊರಹೋಗುವುದು ಕಡಿಮೆ. ಹೆಚ್ಚು ಬಿಸಿಯಾಗುವ ಜಾಗ ಶೋಲ್ಡರ್, ಅಂದರೆ ಟ್ರೆಡ್ (ನೆಲಕ್ಕೆ ತಾಗುವ ರಬ್ಬರ್) ಅಂಚು ಸೈಡ್‌ವಾಲ್‌ಗೆ (ಟೈರ್‌ನ ಪಕ್ಕದ ಗೋಡೆಗೆ) ಸೇರುವ ಕಡೆ. ರೇಡಿಯಲ್ ಟೈರ್‌ನಲ್ಲಿ, ಅಂದರೆ ಒಳಗಿನ ಎಳೆಗಳು ಒಂದು ಪಕ್ಕದಿಂದ ಇನ್ನೊಂದಕ್ಕೆ ನೇರ ಅಡ್ಡ ಹೋಗುವ ಟೈರ್‌ನಲ್ಲಿ, ಟ್ರೆಡ್ ಕೆಳಗಿನ ಉಕ್ಕಿನ ತಂತಿಯ ಬೆಲ್ಟ್‌ಗಳ ತುದಿ ಇರುವುದೂ ಅಲ್ಲೇ. ಅಲ್ಲಿ ತಂತಿ ಮತ್ತು ರಬ್ಬರಿನ ಹಿಡಿತ ಬಿಟ್ಟರೆ ಪದರಗಳು ಬೇರೆಯಾಗುತ್ತವೆ. ಟ್ರೆಡ್ ಇನ್ನೂ ಅರ್ಧ ಉಳಿದಿದ್ದರೂ ಟೈರ್ ಗುಜರಿಗೆ. ಅದನ್ನು ನೋಡುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಇದಕ್ಕಾಗಿಯೇ ಟಿಕೆಪಿಎಚ್ ಎಂಬ ಅಳತೆ ಇದೆ: ಟನ್, ಕಿಲೋಮೀಟರ್, ಗಂಟೆ. ಖಾಲಿ ಇದ್ದಾಗ ಒಂದು ಟೈರ್ ಮೇಲೆ 6 ಟನ್, ಲೋಡ್ ಆದಾಗ 14 ಟನ್ ಭಾರ ಬೀಳುತ್ತದೆ ಎನ್ನಿ. ಸರಾಸರಿ 10 ಟನ್. ಸರಾಸರಿ ವೇಗ ಗಂಟೆಗೆ 20 ಕಿ.ಮೀ. ಇದ್ದರೆ ಗುಣಿಸಿ, 200 ಬರುತ್ತದೆ. ಟೈರ್‌ನ ಮಿತಿ ಇದಕ್ಕಿಂತ ಮೇಲಿರಬೇಕು. ಆ ಮಿತಿ ಸುತ್ತಲಿನ ಹವೆ 38 ಡಿಗ್ರಿ ಸೆಲ್ಸಿಯಸ್ ಇದ್ದಾಗಿನ ಲೆಕ್ಕ. ಬಿಸಿಲು ಅದಕ್ಕಿಂತ ಜೋರಾಗಿದ್ದರೆ ಮಿತಿ ಇನ್ನೂ ಕೆಳಗಿಳಿಯುತ್ತದೆ.

ಲೋಡರ್ ಕಥೆಯೇ ಬೇರೆ. ಅದು ಚೂಪು ಕಲ್ಲಿನ ರಾಶಿ ಮುಂದೆ ನಿಧಾನವಾಗಿ ಹಿಂದೆ ಮುಂದೆ ಓಡಾಡುತ್ತದೆ. ಅಲ್ಲಿ ಟೈರನ್ನು ಕೊಲ್ಲುವುದು ಕಲ್ಲು. ಅದಕ್ಕೇ ಲೋಡರ್ ಟೈರ್‌ಗಳಲ್ಲಿ ಎಲ್-5 ಎಂಬ ದರ್ಜೆಯ ಟ್ರೆಡ್ ಮಾಮೂಲಿ ಎಲ್-3 ದರ್ಜೆಯದಕ್ಕಿಂತ ಎರಡೂವರೆ ಪಟ್ಟು ಆಳ ಇರುತ್ತದೆ. ಅದನ್ನೇ ದೂರ ಓಡುವ ಡಂಪರ್‌ಗೆ ಹಾಕಿದರೆ ಬಿಸಿಗೆ ಬಲಿಯಾಗುತ್ತದೆ.

ಕಾಂಪೌಂಡ್, ಅಂದರೆ ಟೈರ್‌ನ ರಬ್ಬರ್ ಮಿಶ್ರಣ, ಅದರಲ್ಲೂ ಇದೇ ಎಳೆದಾಟ, ನನಗೆ ಅತಿ ಇಷ್ಟದ ಭಾಗವೂ ಇದೇ. ಈ ಟೈರ್‌ಗಳಲ್ಲಿ ನೈಸರ್ಗಿಕ ರಬ್ಬರ್‌ಗೆ ಮೊದಲ ಜಾಗ. ಅದನ್ನು ಜೋರಾಗಿ ಎಳೆದಾಗ ಅಣುಗಳ ಸರಪಳಿ ಸಾಲಾಗಿ ಜೋಡಿಸಿಕೊಂಡು ಹರಳುಗಟ್ಟುತ್ತದೆ. ಸೀಳಿನ ತುದಿಯಲ್ಲಿ ಎಳೆತ ಜಾಸ್ತಿ ಇರುವುದರಿಂದ ಅಲ್ಲೇ ಗಟ್ಟಿಯಾಗಿ ಸೀಳು ಮುಂದುವರಿಯದಂತೆ ತಡೆಯುತ್ತದೆ. ಬಿಸಿಯೂ ಕಡಿಮೆ. ಸವೆತ ತಡೆಯಲು ಬಹಳ ಸಣ್ಣ ಕಣಗಳ ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಇಂಗಾಲದ ಪುಡಿ) ಬೇಕು, ಆದರೆ ಅದರಿಂದ ಬಿಸಿ ಏರುತ್ತದೆ. ಸ್ವಲ್ಪ ಸಿಲಿಕಾ ಸೇರಿಸಿದರೆ ಸೀಳುವುದು, ಚಕ್ಕೆ ಏಳುವುದು ತಗ್ಗುತ್ತದೆ. ಹಾಗಾಗಿ ಟ್ರೆಡ್ಡನ್ನು ಎರಡು ಪದರ ಮಾಡುವುದುಂಟು: ಮೇಲೆ ಕಲ್ಲಿಗೆ ಜಗ್ಗದ ಕಾಂಪೌಂಡ್, ಕೆಳಗೆ ಬೆಲ್ಟ್ ಹತ್ತಿರ ತಂಪಾಗಿರುವ ಕಾಂಪೌಂಡ್.

ರೇಡಿಯಲ್ಲೋ ಬಯಾಸೋ (ಒಳಗಿನ ಎಳೆಗಳು ಓರೆಯಾಗಿ ಒಂದರ ಮೇಲೊಂದು ಹಾಯುವ ಟೈರ್) ಎಂದು ಕೇಳಿದರೆ, ಡಂಪರ್‌ಗೆ ನಾನು ರೇಡಿಯಲ್ಲನ್ನೇ ಹೇಳುತ್ತೇನೆ. ತಂಪು, ಟ್ರೆಡ್ ನಿಧಾನವಾಗಿ ಸವೆಯುತ್ತದೆ. ಅದರ ಸೈಡ್‌ವಾಲ್ ಮಾತ್ರ ತೆಳು, ಪಕ್ಕದಿಂದ ಕಲ್ಲು ತಾಗಿದರೆ ಕಷ್ಟ.

ಇನ್ನೊಂದು ಮಾತು, ಭಾರ ಹೊರುವುದು ಮುಖ್ಯವಾಗಿ ಒಳಗಿನ ಗಾಳಿ, ರಬ್ಬರ್ ಅಲ್ಲ. ಸುಮಾರು 4 ಮೀಟರ್ ಎತ್ತರದ, 5 ಟನ್‌ಗೂ ಜಾಸ್ತಿ ತೂಗುವ ಗಣಿ ಡಂಪರ್ ಟೈರ್‌ಗೂ ಇದೇ ಮಾತು. ಗಾಳಿ ಕಡಿಮೆಯಾದರೆ ಸೈಡ್‌ವಾಲ್ ಜಾಸ್ತಿ ಬಾಗುತ್ತದೆ, ಮತ್ತೆ ಬಿಸಿ. ನೀರು ನಿಂತ ಕಡೆಯೂ ಹುಷಾರು, ಒದ್ದೆ ರಬ್ಬರನ್ನು ಕಲ್ಲು ಬಹಳ ಸುಲಭವಾಗಿ ಕೊಯ್ಯುತ್ತದೆ.

ನೀವು ಇದನ್ನು ಪ್ರಾಜೆಕ್ಟ್ ಮಾಡುವುದಾದರೆ ಡ್ರಾಯಿಂಗ್‌ನಿಂದ ಶುರು ಮಾಡಬೇಡಿ. ಗುಜರಿಗೆ ಹೋದ ಟೈರ್‌ಗಳನ್ನು ಅಡ್ಡ ಕೊಯ್ಸಿ ನೋಡಿ. ಟ್ರೆಡ್ಡಿನಲ್ಲಿ ಆಳದ ಸೀಳುಗಳಿದ್ದರೆ ಕಲ್ಲು, ಬೆಲ್ಟ್ ತುದಿಯಲ್ಲಿ ಪದರ ಬಿಟ್ಟಿದ್ದರೆ ಹೆಚ್ಚಾಗಿ ಬಿಸಿ. ರಬ್ಬರ್ ಎಷ್ಟು ದಪ್ಪ ಇರಬೇಕೆಂದು ಆಮೇಲೆ ನಿರ್ಧರಿಸಿ.