ಹತ್ತನೇ ಮುಗಿಯಲಿ, ಆಮೇಲೆ ಅಡುಗೆ ಕೋರ್ಸು
ನಮಸ್ಕಾರ. ಡೊಂಬಿವಲಿಯಲ್ಲಿ ಒಂಬತ್ತನೇ ಓದುತ್ತಿರುವ ಮಗನಿಗೆ ಅಡುಗೆಯ ಹುಚ್ಚು, ಶಾಲೆ ಬಿಡಿಸಿ ಅವನ ಸೋದರಮಾವನ ಹೋಟೆಲಿಗೆ ಸೇರಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹತ್ತನೇ ಪಾಸಾದರೆ ಐಟಿಐಯಲ್ಲಿ ಫುಡ್ ಪ್ರೊಡಕ್ಷನ್ ಟ್ರೇಡ್ ಇದೆ, ಅಂದರೆ ಅಡುಗೆ ಕಲಿಸುವ ಕೋರ್ಸು, ಒಂದು ವರ್ಷದ್ದು. ಹನ್ನೆರಡನೇವರೆಗೆ ತಾಳ್ಮೆ ಇದ್ದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಪ್ರವೇಶ ಪರೀಕ್ಷೆ ಎನ್‌ಸಿಎಚ್‌ಎಂ ಜೆಇಇ ಬರೆದು ಮುಂಬೈ ದಾದರಿನ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜು ಐಎಚ್‌ಎಂಗೆ ಪ್ರಯತ್ನಿಸಲಿ. 1954ರ ಹಳೆಯ ಸಂಸ್ಥೆ ಅದು, ಡಿಗ್ರಿ 3 ವರ್ಷ.

ನಾನೂ ಹೋಟೆಲ್ ಮನೆಯವನೇ. ನೀರ್ ದೋಸೆ ಹುಯ್ಯುವುದನ್ನು ಅಣ್ಣ ಕಲಿಸಿದ, ಬೈದು ಬೈದೇ ಕಲಿಸಿದ ಅನ್ನಿ, ಆದರೆ ಬಡಿಸುವವರೆಗೂ ಸಾಂಬಾರ್ ಯಾಕೆ 60 ಡಿಗ್ರಿಗಿಂತ ಜಾಸ್ತಿ ಬಿಸಿ ಇರಬೇಕು, ಹಸಿ ಮೀನು ಕತ್ತರಿಸಿದ ಹಲಗೆಯಲ್ಲೇ ಸೌತೆಕಾಯಿ ಯಾಕೆ ಹೆಚ್ಚಬಾರದು, ಒಂದು ಪ್ಲೇಟಿಗೆ ನಿಜವಾಗಿ ಎಷ್ಟು ಖರ್ಚು ಬೀಳುತ್ತದೆ, ಇದನ್ನೆಲ್ಲ ನಮ್ಮಲ್ಲಿ ಯಾರೂ ಹೇಳಲಿಲ್ಲ. ಕೋರ್ಸಿನಲ್ಲಿ ಸಿಗುವುದು ಅದೇ. ದೊಡ್ಡ ಹೋಟೆಲಿನವರು ಕೇಳುವುದೂ ಅದನ್ನೇ, ಅಲ್ವಾ?

ಮಗನ ಶಾಲೆ ಸಿಬಿಎಸ್‌ಇಯಾ? ಹಾಗಿದ್ದರೆ ಸ್ಕಿಲ್ ಸಬ್ಜೆಕ್ಟ್‌ಗಳಲ್ಲಿ ಫುಡ್ ಪ್ರೊಡಕ್ಷನ್ ಕೊಡುತ್ತಾರಾ ಅಂತ ಆಫೀಸಿನಲ್ಲಿ ವಿಚಾರಿಸಿ. ಬೇಸಿಗೆ ರಜೆಯಲ್ಲಿ ಮಾವನ ಹೋಟೆಲಿಗೆ ಬೆಳಿಗ್ಗೆ ಐದಕ್ಕೆ ಕಳಿಸಿ, ಕೆಲಸಕ್ಕಲ್ಲ, ಸುಮ್ನೆ ನೋಡಲಿಕ್ಕೆ. ನಾಲ್ಕನೇ ದಿನವೂ ತಾನಾಗಿ ಎದ್ದರೆ ಧೈರ್ಯವಾಗಿ ಈ ದಾರಿಗೆ ಬಿಡಿ.