ಸಿಪ್ಪೆ ನೀರು ಹಾಕಿದರೆ ಗುಲಾಬಿ ಎಲೆ ಸುಟ್ಟಿದ್ದೇಕೆ?

ಪ್ರಶ್ನೆ: ನಮ್ಮ ಬಡಾವಣೆಯ ಸ್ವಸಹಾಯ ಸಂಘದಿಂದ 40 ಮಹಿಳೆಯರಿಗೆ ಹಣ್ಣು, ತರಕಾರಿ ಸಿಪ್ಪೆಯಿಂದ ದ್ರವ ಗೊಬ್ಬರ ಮಾಡೋದನ್ನು ಹೇಳಿಕೊಟ್ಟೆವು. ಬೆಲ್ಲ 1 ಪಾಲು, ಸಿಪ್ಪೆ 3, ನೀರು 10. ಮೂರು ತಿಂಗಳು ಇಟ್ಟೆವು. ಇಬ್ಬರ ಮನೆಯಲ್ಲಿ ಬಾಟಲಿ ಉಬ್ಬಿ ಸಿಡಿಯಿತು. ಇನ್ನು ಕೆಲವರ ಗುಲಾಬಿ ಎಲೆಯ ತುದಿ ಸುಟ್ಟಿತು. ಈಗ ಆರು ಜನ ಮಾತ್ರ ಮುಂದುವರಿಸಿದ್ದಾರೆ. ಎಲ್ಲಿ ತಪ್ಪಿದೆವು?
— ಓದುಗರು, ಮೈಸೂರು

ಉತ್ತರ: ಮೊದಲು ಗುಲಾಬಿ ಉಳಿಸಿಕೊಳ್ಳಿ. ಕುಂಡದ ತಳದಿಂದ ನೀರು ಹರಿದು ಹೋಗುವಷ್ಟು ಬರೀ ನೀರು ಹಾಕಿ, ಎರಡು ದಿನ ಬಿಟ್ಟು ಮತ್ತೊಮ್ಮೆ ಹಾಕಿ. ಚಿಗುರು ಬರುವವರೆಗೂ ಬೇರೇನೂ ಬೇಡ.

ನಿಮ್ಮ ಅಳತೆ ಸರಿಯಾಗಿಯೇ ಇದೆ. ಆದರೆ ಹೀಗೆ ಹುದುಗಿದ ನೀರು ವಿನೆಗರ್‌ನಂತೆ ಹುಳಿ. ಅದನ್ನು ಹಾಗೇ ಮಗ್ಗಿನಲ್ಲಿ ಸುರಿದರೆ ಬೇರು ತಡೆಯುವುದಿಲ್ಲ. 10 ಲೀಟರ್ ಬಕೆಟ್ ನೀರಿಗೆ ನಾಲ್ಕು ಟೀ ಚಮಚ ಸಾಕು. ಗೊಬ್ಬರ ಅಂದಮೇಲೆ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಬಕೆಟ್ ಮತ್ತು ಚಮಚ ಇಟ್ಟುಕೊಂಡು, ಬೆರೆಸುವುದನ್ನು ಅವರ ಕೈಯಲ್ಲೇ ಮಾಡಿಸಿ.

ಬಾಟಲಿ ಸಿಡಿದದ್ದು ಗಾಳಿಯಿಂದ. ಮೊದಲ ತಿಂಗಳು ಗ್ಯಾಸ್ ಜೋರಾಗಿ ಬರುತ್ತದೆ. ಗಾಜು ಬೇಡವೇ ಬೇಡ. 2 ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, 1 ಲೀಟರ್ ನೀರು ಹಾಕಿ, ಮೇಲೆ ಜಾಗ ಬಿಡಿ. ದಿನಾ ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಮುಚ್ಚಳ ಸಡಿಲಿಸಿ, "ಸುಯ್" ಅಂದಮೇಲೆ ಮತ್ತೆ ಬಿಗಿ ಮಾಡಿ. ಮೊದಮೊದಲು ಹೆಂಡದ ಘಾಟು, ಆಮೇಲೆ ಹುಳಿ ವಾಸನೆ ಬಂದರೆ ಸರಿಯಾಗಿದೆ. ಮೇಲೆ ಬಿಳಿ ಕೆನೆ ಕಟ್ಟಿದರೆ ಹೆದರಬೇಡಿ. ಮೋರಿ ವಾಸನೆ ಬಂದರೆ ಮಾತ್ರ ಕೆಟ್ಟಿದೆ. ಸಾರು, ಉಪ್ಪಿನಕಾಯಿ, ಎಣ್ಣೆಯ ಪದಾರ್ಥ ಬಾಟಲಿಗೆ ಬೀಳಬಾರದು. ಉಪ್ಪು ಗಿಡಕ್ಕೆ ಶತ್ರು.

ಇನ್ನು 34 ಜನ ಯಾಕೆ ಬಿಟ್ಟರು? ನನಗನ್ನಿಸುವುದು, ಮೂರು ತಿಂಗಳು ಕಾಯುವಾಗ ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಕಲಗಚ್ಚಿನಿಂದ ಶುರು ಮಾಡಿ. ಅಕ್ಕಿ, ಬೇಳೆ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲ ಬಾನಿಗೆ ಹಾಕಿ ಹಸುವಿಗೆ ಇಡುತ್ತಿದ್ದದ್ದು ಮನೆಯ ಹಿರಿಯರಿಗೆ ಗೊತ್ತು. ಅದರಲ್ಲಿ ಅಕ್ಕಿ ತೊಳೆದ ನೀರನ್ನು ಇವತ್ತೇ ಮೆಣಸಿನ ಗಿಡಕ್ಕೆ ಹಾಕಬಹುದು, ಕಾಯಬೇಕಿಲ್ಲ. ಅದರ ಜೊತೆಗೇ ಸಿಪ್ಪೆಯ ಬಾಟಲಿ ಹೂಡಿಸಿ, ದಿನಾಂಕ ಬರೆಸಿ, ಅವರವರ ಮನೆಗೇ ಕೊಟ್ಟು ಕಳಿಸಿ. ಹತ್ತನೇ ದಿನ ಒಮ್ಮೆ ಹೋಗಿ ನೋಡಿ ಬನ್ನಿ. ನನ್ನ ಪ್ರಕಾರ ಈ ಒಂದು ಭೇಟಿ ಮೂರು ಭಾಷಣಕ್ಕಿಂತ ಮೇಲು.

ಒಂದು ಮಾತು ಮುಚ್ಚಿಡಬೇಡಿ. ಒಂದು ಬಾಟಲಿಗೆ ಹಿಡಿಯುವುದು 300 ಗ್ರಾಂ ಸಿಪ್ಪೆ. ನಾಲ್ಕು ಜನರ ಮನೆಯಲ್ಲಿ ಅಷ್ಟು ಒಂದೇ ದಿನಕ್ಕೆ ಬೀಳುತ್ತದೆ. ಉಳಿದ ಹಸಿ ಕಸಕ್ಕೆ, ಸೋಸಿದ ಚರಟಕ್ಕೆ ಕಾಂಪೋಸ್ಟ್ ಗುಂಡಿಯೋ ಡ್ರಮ್ಮೋ ಬೇಕೇ ಬೇಕು. ಈ ನೀರಿನಲ್ಲಿ ಪೋಷಕಾಂಶವೂ ಕಡಿಮೆ. ಕೊಟ್ಟಿಗೆ ಗೊಬ್ಬರದ ಬದಲಿಗೆ ಅಲ್ಲ, ಅದರ ಜೊತೆಗೆ ಕೊಡಬೇಕು.

ಮುಂದಿನ ತರಗತಿ ಆ ಆರು ಜನರ ಹಿತ್ತಲಿನಲ್ಲೇ ಆಗಲಿ. ಬಾಟಲಿ ಸಿಡಿದ ಇಬ್ಬರನ್ನೂ ಕರೆಯಿರಿ. ಮುಚ್ಚಳ ಸಡಿಲಿಸುವ ಪಾಠ ಅವರೇ ಮಾಡಲಿ.