ಏದುಸಿರು ಬಂತು ಅಂತ ಕೂತುಬಿಡಬೇಡಿ

(ಓದುಗರ ಪ್ರಶ್ನೆಗಳಿಗೆ ಚಿಕ್ಕಮಗಳೂರಿನ ಫಿಸಿಯೋಥೆರಪಿಸ್ಟ್ ಉತ್ತರ)

ನನಗೆ 64 ವರ್ಷ. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ, ಬಹುಕಾಲ ಕಾಡುವ ಶ್ವಾಸಕೋಶದ ಕಾಯಿಲೆ) ಇದೆ. ಮಂಡಿ, ಸೊಂಟ ನೋವು ತುಂಬಾ ಹಳೆಯದು. ಸ್ವಲ್ಪ ನಡೆದರೂ ಏದುಸಿರು. ಮಕ್ಕಳು ‘ಅಮ್ಮ, ನೀನು ಸುಮ್ನೆ ಕೂತಿರು’ ಅಂತಾರೆ. ವ್ಯಾಯಾಮ ಮಾಡಿದರೆ ಶ್ವಾಸಕೋಶ ಇನ್ನೂ ಹಾಳಾಗುತ್ತಾ?
– ಮೂಡಿಗೆರೆಯ ಓದುಗರು

ಹಾಳಾಗುವುದಿಲ್ಲ. ಚಳಿ ಶುರುವಾದರೆ ಸಾಕು, ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಆ ಮಾತು ಕೇಳಿ ಎಷ್ಟೋ ಜನ ಹಾಸಿಗೆ ಹಿಡಿದಿದ್ದಾರೆ. ಕೂತಷ್ಟೂ ತೊಡೆಯ ಬಲ ಕರಗುತ್ತದೆ. ಬಲ ಇಲ್ಲದ ಕಾಲು ಸಣ್ಣ ಕೆಲಸಕ್ಕೂ ಬೇಗ ಸೋಲುತ್ತದೆ, ಉಸಿರು ಬೇಗ ಏರುತ್ತದೆ. ಮಂಡಿಗೆ ಆಸರೆಯೂ ಅದೇ ತೊಡೆ, ಹಾಗಾಗಿ ನೋವೂ ಜಾಸ್ತಿ. ಹಾಳಾದ ಶ್ವಾಸಕೋಶವನ್ನು ವ್ಯಾಯಾಮ ರಿಪೇರಿ ಮಾಡುವುದಿಲ್ಲ. ಕಾಲಿಗೆ ಬಲ ಕೊಡುತ್ತದೆ. ಆಗ ಇರುವ ಉಸಿರಲ್ಲೇ ಇನ್ನಷ್ಟು ದೂರ ನಡೆಯಬಹುದು.

ಕುರ್ಚಿಯಿಂದ ಏಳುವುದು, ಕೂರುವುದು. ಇದರಿಂದಲೇ ಶುರು ಮಾಡಿ. ಕೈ ಇರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಮಂಡಿ ಹಿಡಿದುಕೊಂಡರೆ ಕಂಬಳಿ ಮಡಚಿ ಹಾಕಿ ಎತ್ತರ ಮಾಡಿಕೊಳ್ಳಿ. ಮೂಗಿನಿಂದ ಉಸಿರು ತಗೊಳ್ಳಿ. ತುಟಿ ಚೂಪು ಮಾಡಿ, ಬಿಸಿ ಕಾಫಿ ಆರಿಸುವ ಹಾಗೆ ನಿಧಾನಕ್ಕೆ ಊದುತ್ತಾ ಏಳಿ. ಏಳುವಾಗ ಉಸಿರು ಕಟ್ಟಬೇಡಿ, ಹೆಚ್ಚಿನವರು ಎಡವುವುದು ಇಲ್ಲೇ. ಧೊಪ್ಪನೆ ಬೀಳದೆ ಮೆಲ್ಲಗೆ ಕೂರಿ. ಐದು ಸಲ ಮಾಡಿ, ದಣಿವಾರಿಸಿಕೊಂಡು ಇನ್ನೈದು. ಮೊದಲ ವಾರಕ್ಕೆ ಅಷ್ಟು ಸಾಕು.

ಸ್ವಲ್ಪ ಏದುಸಿರು ಬರಲೇಬೇಕು. ಒಂದು ವಾಕ್ಯ ಪೂರ್ತಿ ಆಡಲು ಆಗದಿದ್ದರೆ ಮಾತ್ರ ನಿಲ್ಲಿಸಿ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮಾರನೇ ದಿನವೂ ನೋವು ಎಂದಿಗಿಂತ ಜಾಸ್ತಿ ಇದ್ದರೆ ಅರ್ಧಕ್ಕೆ ಇಳಿಸಿ, ಪೂರ್ತಿ ಬಿಡಬೇಡಿ.

ನನಗೆ ಬೇಜಾರಾಗುವುದು ಇನ್ನೊಂದಕ್ಕೆ. ಒಂದು ದಿನ ಮೈ ಹಗುರ ಅನ್ನಿಸಿತು ಅಂತ ಕಣದಲ್ಲಿ ಕಾಫಿ ಹರವುತ್ತಾರೆ, ಅಂಗಳ ಪೂರ್ತಿ ಗುಡಿಸುತ್ತಾರೆ. ಆಮೇಲೆ ಮೂರು ದಿನ ಏಳುವುದಿಲ್ಲ. ಕೊನೆಗೆ ‘ವ್ಯಾಯಾಮ ನನಗೆ ಆಗಿಬರಲ್ಲ’ ಅಂತಾರೆ. ಚೆನ್ನಾಗಿರುವ ದಿನವೂ ಅಷ್ಟೇ ಅಳತೆ ಇರಲಿ. ಹೆಚ್ಚಿಸುವುದಿದ್ದರೆ ವಾರಕ್ಕೆ ಒಂದೆರಡು ಸಲದಷ್ಟು ಹೆಚ್ಚಿಸಿ.

ಮಂಜು ಸುರಿಯುವ ಬೆಳಗಿನ ಹೊತ್ತು ವಾಕಿಂಗ್ ಬೇಡ, ತಣ್ಣನೆ ಗಾಳಿಗೆ ಶ್ವಾಸನಾಳ ಬಿಗಿಯುತ್ತದೆ. ಬಿಸಿಲು ಬಂದ ಮೇಲೆ ಹೋಗಿ. ಬಚ್ಚಲೊಲೆ ಹೊಗೆಯಾಡುತ್ತಿದ್ದರೆ ಅದರ ಹತ್ತಿರವೂ ಬೇಡ. ತಕ್ಷಣ ಆರಾಮ ಕೊಡುವ ಇನ್ಹೇಲರನ್ನು ವ್ಯಾಯಾಮಕ್ಕೆ 15 ನಿಮಿಷ ಮೊದಲು ತಗೊಳ್ಳಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ, ರಕ್ತದ ಆಮ್ಲಜನಕ ಶೇ 88ಕ್ಕಿಂತ ಕೆಳಗೆ ಇಳಿದಾಗ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಎದೆನೋವು, ತಲೆಸುತ್ತು, ಕಫದ ಬಣ್ಣ ಬದಲಾಗುವುದು, ಹೊಸದಾಗಿ ಕಾಲು ಊದುವುದು, ಇವುಗಳಲ್ಲಿ ಯಾವುದಿದ್ದರೂ ಆವತ್ತು ವ್ಯಾಯಾಮ ಬೇಡ, ಆಸ್ಪತ್ರೆಗೆ ಹೋಗಿ. ಈ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚೇ ಹೆದರುವವಳು, ನೀವೂ ಹೆದರಿ.

ಕಪಾಲಭಾತಿ ಮಾಡಬಹುದಾ?
ಸಿಒಪಿಡಿ ಇದ್ದವರು ಬೇಡ. ರಭಸವಾಗಿ ಉಸಿರಾಡಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಇನ್ಹೇಲರ್ ಚಟ ಆಗಿಬಿಡುತ್ತಂತೆ?
ಇಲ್ಲ. ಚಟ ಆಗುವುದು ಬೀಡಿ. ಅದನ್ನು ಬಿಡಿ.

ರತ್ನಗಿರಿ ಬೋರೆಗೆ ವಾಕಿಂಗ್ ಹೋಗಲಾ?
ಮೊದಲು ಮನೆ ಮುಂದಿನ ಸಮತಟ್ಟಾದ ರಸ್ತೆ. ಏರು ಆಮೇಲೆ.

ಸಂತೆಯಲ್ಲಿ ಒಬ್ಬರು ಪುಡಿ ಕೊಡುತ್ತಾರೆ. ದಮ್ಮು, ಮಂಡಿ ನೋವು ಎರಡೂ ವಾರದಲ್ಲಿ ಕಡಿಮೆ ಆಯಿತು. ಮುಂದುವರಿಸಲಾ?
ಅಷ್ಟು ಬೇಗ ಎರಡೂ ಕಡಿಮೆ ಆದದ್ದೇ ನನ್ನ ಭಯ. ಹೆಸರು, ಚೀಟಿ ಇಲ್ಲದ ಇಂಥ ಪುಡಿಗಳಿಗೆ ಸ್ಟಿರಾಯ್ಡ್ ಬೆರೆಸುವ ಮೋಸ ಹೊಸದಲ್ಲ. ತಿಂಗಳುಗಟ್ಟಲೆ ತಿಂದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಉಳಿಸಿಕೊಳ್ಳಬೇಕಾದ ತೊಡೆಯ ಬಲವೂ ಹೋಗುತ್ತದೆ. ತುಂಬಾ ದಿನದಿಂದ ತಿನ್ನುತ್ತಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ. ನಾಳೆಯೇ ಆ ಪೊಟ್ಟಣ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.